ಸಿ ಭಾಷೆಯಲ್ಲಿ ಮೆಮೊರಿ ಹೋಲಿಸುವುದು ಹೇಗೆ: ಹುಬ್ಬಳ್ಳಿ, ಹುಲಕೋಟಿ ಎರಡೂ ಒಂದೇ ಎನ್ನುವ ಕೋಡನ್ನು ಸರಿಮಾಡುತ್ತಾ ಕಲಿಯೋಣ

ಹುಬ್ಬಳ್ಳಿಯಿಂದ ಗದಗಿನ ರೈಲು ಹತ್ತಿದವರಿಗೆ ಗೊತ್ತು, ಅಣ್ಣಿಗೇರಿ ದಾಟಿದ ಮೇಲೆ ಹುಲಕೋಟಿ ಬರುತ್ತದೆ. ಹುಬ್ಬಳ್ಳಿ ಬೇರೆ, ಹುಲಕೋಟಿ ಬೇರೆ. ಆದರೆ ಕೆಳಗಿನ ನಾಲ್ಕು ಸಾಲಿನ ಸಿ ಕೋಡ್ ಎರಡೂ ಒಂದೇ ಎಂದು ಧೈರ್ಯವಾಗಿ ಹೇಳುತ್ತದೆ.

```
ಕಾನ್ಸ್ಟ್ ಚಾರ್ *ಊರು1 = "ಹುಬ್ಬಳ್ಳಿ";
ಕಾನ್ಸ್ಟ್ ಚಾರ್ *ಊರು2 = "ಹುಲಕೋಟಿ";
ಇಫ್ (ಮೆಮ್‌ಕಂಪ್(ಊರು1, ಊರು2, ಸೈಜ್‌ಆಫ್(ಊರು1)) == 0)
    ಪುಟ್ಸ್("ಎರಡೂ ಒಂದೇ");
```

64 ಬಿಟ್ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಪರದೆ ಮೇಲೆ 'ಎರಡೂ ಒಂದೇ' ಎಂದೇ ಬರುತ್ತದೆ. ಕಂಪೈಲರ್ ಕೆಟ್ಟಿಲ್ಲ, ಲೈಬ್ರರಿಯೂ ಕೆಟ್ಟಿಲ್ಲ. ನಾವು ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿದೆ. ನಾವು ಕೇಳಿದ ಪ್ರಶ್ನೆಯೇ ಬೇರೆ ಇತ್ತು, ಅಷ್ಟೇ. ಮೆಮೊರಿ ಹೋಲಿಕೆಯಲ್ಲಿ ಬರುವ ತಪ್ಪುಗಳಲ್ಲಿ ಬಹಳಷ್ಟು ಈ ಜಾತಿಯವೇ. ಹೋಲಿಸುವ ಫಂಕ್ಷನ್ನಿಗೆ ಬೈಟುಗಳು ಮಾತ್ರ ಕಾಣುತ್ತವೆ. ಅದು ಊರಿನ ಹೆಸರೋ, ರೊಕ್ಕದ ಲೆಕ್ಕವೋ, ಪಾಸ್‌ವರ್ಡೋ ಎಂಬುದು ಅದಕ್ಕೆ ಬೇಕಿಲ್ಲ.

ಕೋಡಿನ ಬಗ್ಗೆ ಒಂದು ಮಾತು. ತುಣುಕುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಕೀವರ್ಡ್, ಟೈಪ್ ಮತ್ತು ಲೈಬ್ರರಿ ಫಂಕ್ಷನ್ನಿನ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಮೆಮ್‌ಕಂಪ್ ಎಂದರೆ ಎಂ, ಇ, ಎಂ, ಸಿ, ಎಂ, ಪಿ ಎಂಬ ಆರು ಸಣ್ಣಕ್ಷರ. ಅದು ಸ್ಟ್ರಿಂಗ್ ಹೆಡರಿನಲ್ಲಿದೆ. 'ಊರು1' ತರಹದ ವೇರಿಯಬಲ್ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಬಿಡಬಹುದು. 2020ರಲ್ಲಿ ಬಂದ ಜಿಸಿಸಿ ಕಂಪೈಲರಿನ 10ನೇ ಆವೃತ್ತಿಯಿಂದ ಈಚೆಗೆ ಅದು ನಡೆಯುತ್ತದೆ. ಕಾಲೇಜಿನ ಲ್ಯಾಬ್ ಪರೀಕ್ಷೆಯಲ್ಲಿ ಈ ಸಾಹಸ ಬೇಡ.

ಬೇಕಾಗಿರುವುದು ಇಷ್ಟೇ: ಜಿಸಿಸಿ ಅಥವಾ ಕ್ಲ್ಯಾಂಗ್, ಒಂದು ಲಿನಕ್ಸ್ ಟರ್ಮಿನಲ್, ಮತ್ತು ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಕಡತ ಉಳಿಸುವ ಒಂದು ಎಡಿಟರ್.

## ಹಂತ 1: ಹೋಲಿಸುವ ಮೊದಲು ಬೈಟುಗಳನ್ನು ಕಣ್ಣಾರೆ ನೋಡಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಊರಿನ ಹೆಸರನ್ನು ಒಂದು ಕಡತಕ್ಕೆ ಬರೆದು, ಅದನ್ನು ಓ-ಡಿ ಕಮಾಂಡಿಗೆ ಕೊಟ್ಟು, ಒಂದೊಂದೇ ಬೈಟನ್ನು ದಶಮಾಂಶ ಅಂಕಿಯಲ್ಲಿ ತೋರಿಸು ಎಂದು ಹೇಳಿ. ಅದಕ್ಕೆ ಡ್ಯಾಶ್ ಟಿ-ಯು-1 ಆಯ್ಕೆ ಇದೆ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೆ, ಅಂದರೆ ಯೂನಿಕೋಡ್ ಒಂದು ಅಕ್ಷರಕ್ಕೋ ಚಿಹ್ನೆಗೋ ಕೊಟ್ಟ ಸಂಖ್ಯೆಗೆ, 3 ಬೈಟ್ ಬೇಕು. ಮೊದಲ ಬೈಟ್ ಯಾವಾಗಲೂ 224. ಎರಡನೆಯದು 178 ಅಥವಾ 179. ಮೂರನೆಯದು 128ರಿಂದ 191ರ ಒಳಗೆ. 'ಗದಗ' ಅಂದರೆ 9 ಬೈಟ್:

```
ಗ  224 178 151
ದ  224 178 166
ಗ  224 178 151
```

ಒತ್ತಕ್ಷರ, ಗುಣಿತ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಕೋಡ್‌ಪಾಯಿಂಟ್ ಇದೆ. ಹಾಗಾಗಿ 'ಹುಬ್ಬಳ್ಳಿ' ಎಂದರೆ ಹ, ಉಕಾರ, ಬ, ವಿರಾಮ, ಬ, ಳ, ವಿರಾಮ, ಳ, ಇಕಾರ. ಒಟ್ಟು 9 ಕೋಡ್‌ಪಾಯಿಂಟ್, 27 ಬೈಟ್. 'ಹುಲಕೋಟಿ' 7 ಕೋಡ್‌ಪಾಯಿಂಟ್, 21 ಬೈಟ್. ಎರಡರ ಮೊದಲ 9 ಬೈಟುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ:

```
ಹುಬ್ಬಳ್ಳಿ   224 178 185   224 179 129   224 178 172
ಹುಲಕೋಟಿ  224 178 185   224 179 129   224 178 178
```

ಮೊದಲ 8 ಬೈಟ್ ಅಚ್ಚು ಹೊಡೆದ ಹಾಗೆ ಒಂದೇ ಇವೆ. ವ್ಯತ್ಯಾಸ ಶುರುವಾಗುವುದು 9ನೆಯದರಲ್ಲಿ. ನಮ್ಮ ಕೋಡಿನಲ್ಲಿ ಊರು1 ಒಂದು ಪಾಯಿಂಟರ್, ಅಂದರೆ ಹೆಸರು ಇರುವ ಜಾಗದ ವಿಳಾಸ. ಸೈಜ್‌ಆಫ್ ಅದರ ಗಾತ್ರವನ್ನು ಹೇಳುತ್ತದೆಯೇ ಹೊರತು ಅದು ತೋರಿಸುವ ಹೆಸರಿನ ಉದ್ದವನ್ನಲ್ಲ. 64 ಬಿಟ್ ಯಂತ್ರದಲ್ಲಿ ಪಾಯಿಂಟರ್ ಎಂದರೆ 8 ಬೈಟ್. ಮೆಮ್‌ಕಂಪ್ 8 ಬೈಟ್ ನೋಡಿತು, ಒಂದೇ ಎಂದಿತು. 'ಹುಬ್ಬಳ್ಳಿ' ಮತ್ತು 'ಧಾರವಾಡ' ಹಾಕಿ ಪರೀಕ್ಷೆ ಮಾಡಿದ್ದರೆ ಈ ತಪ್ಪು ಗೊತ್ತಾಗುತ್ತಲೇ ಇರಲಿಲ್ಲ. ಅಲ್ಲಿ 3ನೇ ಬೈಟಿನಲ್ಲೇ 185 ಮತ್ತು 167 ಎಂದು ಬೇರೆಯಾಗುತ್ತದೆ. ಪರೀಕ್ಷೆಗೆ ಆರಿಸುವ ಜೋಡಿ ಆದಷ್ಟು ತಡವಾಗಿ ಬೇರೆಯಾಗುವಂಥದ್ದು ಇರಬೇಕು, ಅದಕ್ಕೇ.

ಜಿಸಿಸಿಗೆ ಡ್ಯಾಶ್ ಡಬ್ಲ್ಯು-ಆಲ್ ಫ್ಲ್ಯಾಗ್ ಕೊಟ್ಟರೆ ಈ ಸೈಜ್‌ಆಫ್ ತಪ್ಪಿಗೆ ಎಚ್ಚರಿಕೆ ಕೊಡುತ್ತದೆ. ಸುಮ್ನೆ ಕೊಡದೇ ಇರುವವರೇ ಜಾಸ್ತಿ.

## ಹಂತ 2: ಒಮ್ಮೆ ಕೈಯಾರೆ ಬರೆಯಿರಿ

ಲೈಬ್ರರಿ ಇದ್ದರೂ ಒಂದು ಸಲ ನಾವೇ ಬರೆದರೆ ಒಳಗಿನ ಕೆಲಸ ತಿಳಿಯುತ್ತದೆ.

```
ಇಂಟ್ ಬೈಟ್_ಹೋಲಿಸು(ಕಾನ್ಸ್ಟ್ ವಾಯ್ಡ್ *ಎಡ, ಕಾನ್ಸ್ಟ್ ವಾಯ್ಡ್ *ಬಲ, ಸೈಜ್_ಟಿ ಉದ್ದ)
{
    ಕಾನ್ಸ್ಟ್ ಅನ್‌ಸೈನ್ಡ್ ಚಾರ್ *ಪ = ಎಡ;
    ಕಾನ್ಸ್ಟ್ ಅನ್‌ಸೈನ್ಡ್ ಚಾರ್ *ಕ = ಬಲ;
    ಫಾರ್ (ಸೈಜ್_ಟಿ ನ = 0; ನ < ಉದ್ದ; ನ++) {
        ಇಫ್ (ಪ[ನ] != ಕ[ನ])
            ರಿಟರ್ನ್ ಪ[ನ] < ಕ[ನ] ? -1 : 1;
    }
    ರಿಟರ್ನ್ 0;
}
```

ಮೊದಲ ಬೈಟಿನಿಂದ ಶುರು ಮಾಡು. ಬೇರೆಯಾದ ಬೈಟ್ ಸಿಕ್ಕಿದ ಕೂಡಲೇ ಯಾವುದು ಚಿಕ್ಕದು ಎಂದು ಹೇಳಿ ಹೊರಗೆ ಬಾ. ಕೊನೆವರೆಗೂ ಸಿಗದಿದ್ದರೆ ಸೊನ್ನೆ ಕೊಡು. ಅಷ್ಟೇ ಕೆಲಸ.

ಇಲ್ಲಿ 'ಅನ್‌ಸೈನ್ಡ್' ಎಂಬ ಪದ ಯಾಕೆ ಬೇಕು? ಇಂಗ್ಲಿಷ್ ಅಕ್ಷರ ಮಾತ್ರ ಬಳಸುವವರಿಗೆ ಅದನ್ನು ಬಿಟ್ಟರೂ ಏನೂ ಆಗುವುದಿಲ್ಲ, ಅವರ ಬೈಟುಗಳೆಲ್ಲ 127ರ ಒಳಗೇ ಇರುತ್ತವೆ. ಕನ್ನಡದವರಿಗೆ ಮೊದಲ ಬೈಟಿನಲ್ಲೇ ಪೆಟ್ಟು. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಬರೀ 'ಚಾರ್' ಎಂದರೆ ಸೈನ್ಡ್, ಅಂದರೆ ಋಣ ಸಂಖ್ಯೆಯನ್ನೂ ಹಿಡಿಯುವಂಥದ್ದು. ಅಲ್ಲಿ 224 ಎಂಬ ಬೈಟ್ -32 ಆಗಿಬಿಡುತ್ತದೆ. ಈಗ ಕನ್ನಡದಲ್ಲಿ ಬರೆದ 'ಗದಗ'ವನ್ನು ಇಂಗ್ಲಿಷಿನಲ್ಲಿ ಬರೆದ ಅದೇ ಹೆಸರಿನ ಜೊತೆ ಹೋಲಿಸಿ. ಇಂಗ್ಲಿಷಿನ ದೊಡ್ಡ 'ಜಿ' ಎಂದರೆ 71. ಸರಿಯಾದ ಲೆಕ್ಕದಲ್ಲಿ 71ಕ್ಕಿಂತ 224 ದೊಡ್ಡದು, ಇಂಗ್ಲಿಷ್ ಹೆಸರು ಮುಂದೆ ಬರಬೇಕು. ಸೈನ್ಡ್ ಲೆಕ್ಕದಲ್ಲಿ 71ಕ್ಕಿಂತ -32 ಚಿಕ್ಕದು, ಕನ್ನಡದ ಹೆಸರು ಮುಂದೆ ಬರುತ್ತದೆ. ಪಟ್ಟಿ ತಲೆಕೆಳಗಾಗುತ್ತದೆ.

ಇದಕ್ಕಿಂತ ಕಿರಿಕಿರಿಯ ಸಂಗತಿ ಇನ್ನೊಂದಿದೆ. ಎಆರ್‌ಎಂ ಚಿಪ್ಪಿನ ಲಿನಕ್ಸ್ ಮತ್ತು ಆಂಡ್ರಾಯ್ಡಿನಲ್ಲಿ ಬರೀ 'ಚಾರ್' ಎಂದರೆ ಅನ್‌ಸೈನ್ಡ್. ಅಂದರೆ ಒಂದೇ ಕೋಡ್ ಲ್ಯಾಪ್‌ಟಾಪಿನಲ್ಲಿ ಒಂದು ಕ್ರಮ, ಮೊಬೈಲಿನಲ್ಲಿ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಹಾಕಿ ಓಡಿಸಿದರೆ ಇನ್ನೊಂದು ಕ್ರಮ ಕೊಡುತ್ತದೆ. ಲ್ಯಾಪ್‌ಟಾಪಿನಲ್ಲಿ ಸಾರ್ಟ್ ಮಾಡಿ ಉಳಿಸಿದ ಪಟ್ಟಿಯಲ್ಲಿ ಮೊಬೈಲ್ ಬೈನರಿ ಸರ್ಚ್ ಮಾಡಿದರೆ, ಇರುವ ಹೆಸರೂ ಇಲ್ಲ ಎನ್ನುತ್ತದೆ.

## ಹಂತ 3: ಮೆಮ್‌ಕಂಪ್ ಏನು ಮಾತು ಕೊಡುತ್ತದೆ, ಏನು ಕೊಡುವುದಿಲ್ಲ

ಮೇಲಿನ ಕೆಲಸವನ್ನೇ ಮೆಮ್‌ಕಂಪ್ ಮಾಡುತ್ತದೆ, ಬಹಳ ಬೇಗ ಮಾಡುತ್ತದೆ. ಅದು ಬೈಟುಗಳನ್ನು ಯಾವಾಗಲೂ ಅನ್‌ಸೈನ್ಡ್ ಎಂದೇ ಓದುತ್ತದೆ, ಯಾವ ಯಂತ್ರದಲ್ಲಾದರೂ ಸರಿ. ನಡುವೆ ಸೊನ್ನೆ ಬೈಟ್ ಬಂದರೆ ನಿಲ್ಲುವುದಿಲ್ಲ. ಎರಡು ಬ್ಲಾಕ್ ಒಂದರ ಮೇಲೊಂದು ಹಾಯ್ದಿದ್ದರೂ ತೊಂದರೆ ಇಲ್ಲ, ಅದು ಓದುತ್ತದೆಯೇ ಹೊರತು ಬರೆಯುವುದಿಲ್ಲವಲ್ಲ.

ಈ ಕೊನೆಯ ಗುಣದಿಂದ ಒಂದು ಚಂದದ ಉಪಾಯ ಸಿಗುತ್ತದೆ. ಒಂದು ಬಫರ್ ಪೂರ್ತಿ ಸೊನ್ನೆಯೇ ಇದೆಯಾ ಎಂದು ನೋಡಬೇಕು ಅನ್ನಿ. ಮೊದಲ ಬೈಟ್ ಸೊನ್ನೆಯೋ ನೋಡಿ, ಆಮೇಲೆ ಬಫರನ್ನು ಒಂದು ಬೈಟ್ ಸರಿಸಿದ ಅದೇ ಬಫರಿನ ಜೊತೆ ಹೋಲಿಸಿ:

```
ಇಫ್ (ಬ[0] == 0 && ಮೆಮ್‌ಕಂಪ್(ಬ, ಬ + 1, ಉದ್ದ - 1) == 0)
```

ಪ್ರತಿ ಬೈಟ್ ತನ್ನ ಪಕ್ಕದ ಬೈಟಿಗೆ ಸಮ, ಮೊದಲನೆಯದು ಸೊನ್ನೆ. ಹಾಗಾದರೆ ಎಲ್ಲವೂ ಸೊನ್ನೆ. ಉದ್ದ ಕನಿಷ್ಠ 1 ಇರಬೇಕು, ಅದನ್ನು ಮೊದಲೇ ನೋಡಿಕೊಳ್ಳಿ.

ಇನ್ನು ಅದು ಮಾತು ಕೊಡದ ಸಂಗತಿಗಳು. ಫಲ -1, 0, 1 ಎಂದೇ ಬರುತ್ತದೆ ಎಂದು ಅದು ಎಲ್ಲೂ ಹೇಳಿಲ್ಲ. ಸೊನ್ನೆಗಿಂತ ಕಡಿಮೆ, ಸೊನ್ನೆ, ಸೊನ್ನೆಗಿಂತ ಜಾಸ್ತಿ, ಇಷ್ಟೇ ಖಾತರಿ. 'ಇಫ್ ಫಲ == 1' ಎಂದು ಬರೆದ ಕೋಡ್ ಇವತ್ತು ನಡೆದು ನಾಳೆ ಬೇರೆ ಲೈಬ್ರರಿಯಲ್ಲಿ ಬೀಳುತ್ತದೆ.

ಇದನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ 2012ರಲ್ಲಿ ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಡೇಟಾಬೇಸುಗಳಲ್ಲಿ ಬಯಲಾದ ದೋಷವೇ ಸಾಕ್ಷಿ. ಪಾಸ್‌ವರ್ಡಿನ ಹ್ಯಾಶ್ (ಅದರಿಂದ ಲೆಕ್ಕ ಹಾಕಿ ತೆಗೆದ ಬೈಟುಗಳು) ಹೋಲಿಸುವ ಫಂಕ್ಷನ್ ಮೆಮ್‌ಕಂಪಿನ ಫಲವನ್ನು ಒಂದೇ ಬೈಟಿನ ಟೈಪಿಗೆ ತುರುಕಿ ವಾಪಸ್ ಕೊಡುತ್ತಿತ್ತು. ಫಲ -128ರಿಂದ 127ರ ಒಳಗೇ ಇರುತ್ತದೆ ಎಂಬ ನಂಬಿಕೆ. ಎಷ್ಟೋ ಲೈಬ್ರರಿಗಳಲ್ಲಿ ಅದರಿಂದ ತೊಂದರೆಯೂ ಆಗುತ್ತಿರಲಿಲ್ಲ. ಆದರೆ ವೇಗಕ್ಕಾಗಿ ಹೊಸದಾಗಿ ಬರೆದ ಕೆಲವು ಮೆಮ್‌ಕಂಪುಗಳು ದೊಡ್ಡ ಅಂಕಿಗಳನ್ನೂ ಕೊಡತೊಡಗಿದವು. ಫಲ 256 ಎಂದೋ 512 ಎಂದೋ ಬಂದರೆ, ಕೆಳಗಿನ 8 ಬಿಟ್ ಮಾತ್ರ ಉಳಿದು ಅದು ಸೊನ್ನೆಯಾಗುತ್ತದೆ. ಸೊನ್ನೆ ಎಂದರೆ ಪಾಸ್‌ವರ್ಡ್ ಸರಿ. ಹೀಗೆ ಕೆಲವು ಸಿಸ್ಟಮ್ಮುಗಳಲ್ಲಿ ಯಾವ ಪಾಸ್‌ವರ್ಡ್ ಹೊಡೆದರೂ ಸುಮಾರು 256ಕ್ಕೆ ಒಂದು ಸಲ ಬಾಗಿಲು ತೆರೆಯುತ್ತಿತ್ತು. ಪ್ರತಿ ಪ್ರಯತ್ನಕ್ಕೂ ಹ್ಯಾಶ್ ಬೇರೆ ಬರುತ್ತಿದ್ದುದರಿಂದ ಅದೇ ತಪ್ಪು ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳಿಸಿದರೂ ಸಾಕಿತ್ತು.

ಹಾಗಾಗಿ ಫಲವನ್ನು 'ಇಂಟ್'ನಲ್ಲೇ ಇಡಿ. ಹೌದು-ಇಲ್ಲ ಮಾತ್ರ ಬೇಕಿದ್ದರೆ ಅಲ್ಲೇ '== 0' ಹಾಕಿ, ಆ ಉತ್ತರವನ್ನು ಮುಂದೆ ಕಳಿಸಿ.

ಇನ್ನೊಂದು ಸಂಗತಿ. ವ್ಯತ್ಯಾಸ ಬೇಗ ಸಿಕ್ಕರೆ ಮೆಮ್‌ಕಂಪ್ ಅಲ್ಲೇ ನಿಲ್ಲುತ್ತದೆ ಎಂದು ನಂಬಬೇಡಿ. ನಮ್ಮ ಲೂಪ್ ನಿಲ್ಲುತ್ತದೆ. ಲೈಬ್ರರಿಯದ್ದು ಒಂದೇ ಏಟಿಗೆ 16 ಅಥವಾ 32 ಬೈಟ್ ಎತ್ತಿಕೊಂಡು ನೋಡುತ್ತದೆ. ನೀವು ಕೊಟ್ಟ ಉದ್ದದಷ್ಟೂ ಬೈಟು ಎರಡೂ ಕಡೆ ಓದಲು ಸಿಗಲೇಬೇಕು. 'ಹುಲಕೋಟಿ' ಕೊನೆಯ ಸೊನ್ನೆ ಸೇರಿ 22 ಬೈಟ್ ಮಾತ್ರ. ಅದನ್ನು 27 ಎಂದು ಹೇಳಿ ಹೋಲಿಸಿದರೆ 9ನೇ ಬೈಟಿನಲ್ಲೇ ವ್ಯತ್ಯಾಸ ಇದ್ದರೂ ನಿಯಮ ಮುರಿದ ಹಾಗೇ. ಉದ್ದ ಸೊನ್ನೆ ಕೊಟ್ಟರೆ ಫಲವೂ ಸೊನ್ನೆ. ಆದರೆ ಸಿ23ರವರೆಗಿನ ನಿಯಮದಲ್ಲಿ ಆಗಲೂ ನಲ್ ಪಾಯಿಂಟರ್ ಕೊಡುವಂತಿಲ್ಲ.

## ಹಂತ 4: ಉದ್ದ ಬೇರೆ ಇದ್ದಾಗ

ಸಮವೋ ಅಲ್ಲವೋ ಎಂದಷ್ಟೇ ಬೇಕಿದ್ದರೆ ಮೊದಲು ಉದ್ದ ನೋಡಿ. 27 ಮತ್ತು 21 ಸಮವಲ್ಲ, ಮಾತು ಮುಗಿಯಿತು. ಉದ್ದ ಒಂದೇ ಇದ್ದರೆ ಮಾತ್ರ ಮೆಮ್‌ಕಂಪ್ ಕರೆಯಿರಿ. ಕ್ರಮ ಬೇಕಿದ್ದರೆ ಹೀಗೆ:

```
ಸೈಜ್_ಟಿ ಚಿಕ್ಕದು = ಉದ್ದ1 < ಉದ್ದ2 ? ಉದ್ದ1 : ಉದ್ದ2;
ಇಂಟ್ ಫಲ = ಮೆಮ್‌ಕಂಪ್(ಊರು1, ಊರು2, ಚಿಕ್ಕದು);
ಇಫ್ (ಫಲ != 0)
    ರಿಟರ್ನ್ ಫಲ;
ರಿಟರ್ನ್ (ಉದ್ದ1 > ಉದ್ದ2) - (ಉದ್ದ1 < ಉದ್ದ2);
```

'ಗದಗ' 9 ಬೈಟ್. 'ಗದಗ-ಬೆಟಗೇರಿ' 31 ಬೈಟ್. ಮೊದಲ 9 ಒಂದೇ, ಆದ್ದರಿಂದ ಗಿಡ್ಡ ಹೆಸರು ಮುಂದೆ ಬರುತ್ತದೆ. ಕೊನೆಯ ಸಾಲು ವಿಚಿತ್ರ ಕಾಣಬಹುದು. 'ಉದ್ದ1 - ಉದ್ದ2' ಎಂದು ಯಾಕೆ ಬರೆಯಬಾರದು? ಸೈಜ್_ಟಿಗೆ ಋಣ ಸಂಖ್ಯೆ ಗೊತ್ತಿಲ್ಲ. 9ರಿಂದ 31 ಕಳೆದರೆ ಭಾರಿ ದೊಡ್ಡ ಅಂಕಿ ಬರುತ್ತದೆ. ಅದನ್ನು ಇಂಟಿಗೆ ಹಾಕಿದಾಗ ಚಿಕ್ಕ ಅಂಕಿಗಳಿಗೆ ಹೇಗೋ ಸರಿಹೋಗುತ್ತದೆ, ಉದ್ದಗಳು ದೊಡ್ಡದಾದಾಗ ಕೈ ಕೊಡುತ್ತದೆ.

ಸ್ಟ್ರಿಂಗಿಗೆ ಸ್ಟ್ರಕಂಪ್ ಇದೆಯಲ್ಲ ಎಂದು ಕೇಳಬಹುದು. ಸೊನ್ನೆ ಬೈಟಿನಲ್ಲಿ ಮುಗಿಯುವ ಪಠ್ಯಕ್ಕೆ ಅದೇ ಸರಿ. ಫೋಟೋ, ನೆಟ್‌ವರ್ಕ್ ಪ್ಯಾಕೆಟ್ ಇಂಥವುಗಳ ನಡುವೆ ಸೊನ್ನೆ ಬೈಟ್ ಬರಬಹುದು. ಅಲ್ಲಿ ಮೆಮ್‌ಕಂಪ್.

## ಹಂತ 5: ಸ್ಟ್ರಕ್ಟ್ ಇದ್ದರೆ ಕೈ ಕಟ್ಟಿ ನಿಲ್ಲಿ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಒಂದು ಲಾಟ್ ದಾಖಲೆ ಬರೆಯುತ್ತಿದ್ದೇವೆ ಅಂದುಕೊಳ್ಳಿ. ಡಬ್ಬಿ, ಕಡ್ಡಿ ಎಂದು ಎರಡು ತಳಿ, ಒಂದು ಲಾಟ್ ಸಂಖ್ಯೆ, ಎಷ್ಟು ಚೀಲ ಎಂಬ ಲೆಕ್ಕ.

```
ಸ್ಟ್ರಕ್ಟ್ ಲಾಟ್ {
    ಚಾರ್ ತಳಿ; /* 1 ಡಬ್ಬಿ, 2 ಕಡ್ಡಿ */
    ಇಂಟ್32_ಟಿ ಲಾಟ್_ಸಂಖ್ಯೆ;
    ಇಂಟ್16_ಟಿ ಚೀಲ;
};
```

1, 4, 2 ಕೂಡಿದರೆ 7. ಸೈಜ್‌ಆಫ್ ಕೇಳಿದರೆ ನಿಮ್ಮ ಲ್ಯಾಪ್‌ಟಾಪ್ 12 ಎನ್ನುತ್ತದೆ. 4 ಬೈಟಿನ ಸಂಖ್ಯೆ 4ರಿಂದ ಭಾಗವಾಗುವ ವಿಳಾಸದಲ್ಲಿ ಕೂರಬೇಕು. ಅದಕ್ಕೆ ಕಂಪೈಲರ್ ತಳಿಯ ನಂತರ 3 ಬೈಟ್ ಖಾಲಿ ಬಿಟ್ಟಿದೆ. ಅರೇಯಲ್ಲಿ ಮುಂದಿನ ದಾಖಲೆ ಸರಿಯಾಗಿ ಕೂರಲಿ ಎಂದು ಕೊನೆಗೆ ಇನ್ನೂ 2. ಈ 5 ಪ್ಯಾಡಿಂಗ್ ಬೈಟುಗಳಲ್ಲಿ ಏನಿರುತ್ತದೆ? ಸ್ಟ್ಯಾಕಿನಲ್ಲಿ ಮೊದಲು ಅಲ್ಲಿ ಇದ್ದ ಕಸ. ಎರಡು ದಾಖಲೆಗಳ ತಳಿ, ಸಂಖ್ಯೆ, ಚೀಲ ಎಲ್ಲವೂ ಒಂದೇ ಇದ್ದರೂ ಕಸ ಬೇರೆ ಇದ್ದರೆ ಮೆಮ್‌ಕಂಪ್ 'ಬೇರೆ' ಎನ್ನುತ್ತದೆ. ಡೀಬಗ್ ಬಿಲ್ಡಿನಲ್ಲಿ ಸರಿ, ಆಪ್ಟಿಮೈಜ್ ಮಾಡಿದಾಗ ತಪ್ಪು. ಇಂಥ ಬಗ್ ಹುಡುಕುವುದು ಸಾಕಪ್ಪಾ ಸಾಕು ಎನಿಸುತ್ತದೆ.

ಮೊದಲೇ ಮೆಮ್‌ಸೆಟ್ ಮಾಡಿ ಸೊನ್ನೆ ತುಂಬಿದರೆ ಆಯಿತಲ್ಲ ಎಂದು ಹೇಳುವವರಿದ್ದಾರೆ. ಪೂರ್ತಿ ಆಗಲಿಲ್ಲ. ಒಂದು ಸದಸ್ಯಕ್ಕೆ ಬೆಲೆ ಹಾಕುವಾಗ ಪ್ಯಾಡಿಂಗ್ ಬೈಟುಗಳ ಬೆಲೆ ಬದಲಾಗಬಹುದು ಎಂದು ಸಿ ನಿಯಮವೇ ಹೇಳುತ್ತದೆ. ದೊಡ್ಡ ಸದಸ್ಯವನ್ನು ಮೊದಲು, ಚಿಕ್ಕದನ್ನು ಕೊನೆಗೆ ಇಟ್ಟರೆ ಗಾತ್ರ 12ರಿಂದ 8ಕ್ಕೆ ಇಳಿಯುತ್ತದೆ, ಒಳ್ಳೆಯದೇ. ಆದರೂ 1 ಬೈಟ್ ಪ್ಯಾಡಿಂಗ್ ಉಳಿದೇ ಉಳಿಯುತ್ತದೆ. ನನ್ನ ಮಾತು ಕೇಳಿದರೆ, ಸುಮ್ನೆ ಸದಸ್ಯಗಳನ್ನು ಒಂದೊಂದಾಗಿ ಹೋಲಿಸುವ ಒಂದು ಫಂಕ್ಷನ್ ಬರೆದುಬಿಡಿ. ಮೂರು ಸಾಲು ಜಾಸ್ತಿ, ಅಷ್ಟೇ ಅಲ್ವಾ?

ದಾಖಲೆಯೊಳಗೆ 32 ಬೈಟಿನ ಹೆಸರಿನ ಅರೇ ಇದ್ದರೂ ಇದೇ ಕಥೆ. 'ಹುಬ್ಬಳ್ಳಿ' ಇದ್ದ ಜಾಗದ ಮೇಲೆ 'ಗದಗ' ಬರೆದರೆ ಮೊದಲ 10 ಬೈಟ್ ಬದಲಾಗುತ್ತವೆ. ಹಳೆಯ ಹೆಸರಿನ ಬಾಲ ಅಲ್ಲೇ ಇರುತ್ತದೆ.

## ಹಂತ 6: ಸಂಖ್ಯೆಗಳು

ಬೇಗ ಮುಗಿಸೋಣ. ಸಮವೋ ಎಂದು ನೋಡಲು ಪೂರ್ಣಾಂಕಗಳ ಅರೇ ಮೇಲೆ ಮೆಮ್‌ಕಂಪ್ ಬಳಸಬಹುದು. ಕ್ರಮಕ್ಕೆ ಬಳಸಬೇಡಿ. ನಮ್ಮ ಲ್ಯಾಪ್‌ಟಾಪುಗಳು ಲಿಟ್ಲ್ ಎಂಡಿಯನ್, ಚಿಕ್ಕ ಬೈಟನ್ನು ಮೊದಲು ಇಡುತ್ತವೆ. 256 ಎಂದರೆ ಮೆಮೊರಿಯಲ್ಲಿ 0 1 0 0. 1 ಎಂದರೆ 1 0 0 0. ಮೆಮ್‌ಕಂಪ್ ಪ್ರಕಾರ 256 ಚಿಕ್ಕದು. ಬೈಟ್ ಕ್ರಮದಲ್ಲೇ ಸಾರ್ಟ್ ಆಗಬೇಕಿದ್ದರೆ ಸಂಖ್ಯೆಯನ್ನು ಬಿಗ್ ಎಂಡಿಯನ್ ಮಾಡಿ ಬರೆಯಬೇಕು. ಋಣ ಸಂಖ್ಯೆಯೂ ಬರಬಹುದಾದರೆ ಎಲ್ಲಕ್ಕಿಂತ ಮೇಲಿನ ಬಿಟ್ಟನ್ನು ತಿರುಗಿಸಿ ಇಡಬೇಕು.

ಫ್ಲೋಟಿನ ಸಹವಾಸ ಬೇಡವೇ ಬೇಡ. 0.0 ಮತ್ತು -0.0 ಗಣಿತದಲ್ಲಿ ಸಮ, ಬೈಟಿನಲ್ಲಿ ಬೇರೆ. ನ್ಯಾನ್ (ಸಂಖ್ಯೆಯೇ ಅಲ್ಲದ ಫಲದ ಗುರುತು) ತನಗೆ ತಾನೇ ಸಮವಲ್ಲ, ಬೈಟಿನಲ್ಲಿ ಸಮ. ಎರಡೂ ದಿಕ್ಕಿನಲ್ಲಿ ಮೋಸ.

## ಹಂತ 7: ಕನ್ನಡ ಪಟ್ಟಿಯನ್ನು ಬೈಟಿನ ಮೇಲೆ ಸಾರ್ಟ್ ಮಾಡಬಹುದಾ?

ಮೇಲ್ನೋಟಕ್ಕೆ ಆಗುತ್ತದೆ ಎನಿಸುತ್ತದೆ. ಗದಗ, ಧಾರವಾಡ, ಹಾವೇರಿ, ಹುಬ್ಬಳ್ಳಿ ಈ ನಾಲ್ಕನ್ನು ಮೆಮ್‌ಕಂಪ್ ಹಿಡಿದು ಸಾರ್ಟ್ ಮಾಡಿ. ಇದೇ ಕ್ರಮ ಬರುತ್ತದೆ, ನಿಘಂಟಿನ ಹಾಗೆಯೇ. 'ಹಾವೇರಿ' ಮತ್ತು 'ಹುಬ್ಬಳ್ಳಿ' ಬೇರೆಯಾಗುವುದು 5ನೇ ಬೈಟಿನಲ್ಲಿ. ದೀರ್ಘದ ಚಿಹ್ನೆಯಲ್ಲಿ ಅದು 178, ಉಕಾರದಲ್ಲಿ 179.

ಈಗ ಅಳ್ನಾವರ ಮತ್ತು ಗದಗ ಕಡೆಯ ಅಸುಂಡಿ ಸೇರಿಸಿ. ನಮ್ಮ ವರ್ಣಮಾಲೆ ಯ ರ ಲ ವ ಶ ಷ ಸ ಹ ಳ ಎಂದು ಹೋಗುತ್ತದೆ. ಸ ಮೊದಲು, ಳ ಕೊನೆಗೆ. ನಿಘಂಟಿನ ಪ್ರಕಾರ ಅಸುಂಡಿ ಮುಂದೆ, ಅಳ್ನಾವರ ಹಿಂದೆ. ಆದರೆ ಯೂನಿಕೋಡಿನಲ್ಲಿ ಳ ಇರುವುದು ಲ ಪಕ್ಕದಲ್ಲಿ. ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಹಾಕಿದ ಇಸ್ಕಿ ಕೋಡಿನಿಂದ ಬಂದ ಜೋಡಣೆ ಅದು. ಳ ಎಂದರೆ 224 178 179. ಸ ಎಂದರೆ 224 178 184. ಮೆಮ್‌ಕಂಪ್ ಅಳ್ನಾವರವನ್ನು ಮುಂದೆ ತಂದು ಕೂರಿಸುತ್ತದೆ. ಹಳ್ಳಿ, ಒಳ, ಕಳೆ, ಬೆಳೆ ಎಂದು ಳಕಾರ ತುಂಬಿದ ನಮ್ಮ ಭಾಷೆಗೆ ಇದು ಸಣ್ಣ ತಪ್ಪಲ್ಲ.

ಇನ್ನೊಂದು ಇದಕ್ಕಿಂತ ಕಳ್ಳ ತಪ್ಪು. 'ಹಾವೇರಿ'ಯ ಏಕಾರವನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. ಒಂದೇ ಚಿಹ್ನೆಯಾಗಿ, 224 179 135. ಅಥವಾ ಎಕಾರದ ಚಿಹ್ನೆ, ಅದರ ಮುಂದೆ ದೀರ್ಘದ ಗುರುತು ಎಂದು ಎರಡಾಗಿ, 224 179 134 ಮತ್ತು 224 179 149. ಪರದೆ ಮೇಲೆ ಎರಡೂ ಹಾವೇರಿಯೇ. ಭೂತಗನ್ನಡಿ ಹಿಡಿದರೂ ವ್ಯತ್ಯಾಸ ಕಾಣದು. ಮೆಮೊರಿಯಲ್ಲಿ ಒಂದು 18 ಬೈಟ್, ಇನ್ನೊಂದು 21. 12ನೇ ಬೈಟಿನಲ್ಲಿ 135 ಮತ್ತು 134 ಎಂದು ಬೇರೆಯಾಗುತ್ತವೆ. 'ಹುಲಕೋಟಿ'ಯ ಓಕಾರ ಬಿಡಿಸಿದರೆ ಮೂರು ತುಂಡಾಗುತ್ತದೆ. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿದಾಗ ಇಂಥ ಬಿಡಿಸಿದ ರೂಪ ನುಸುಳಬಹುದು. ಜೊತೆಗೆ ಕಣ್ಣಿಗೆ ಕಾಣದ ಜೋಡಕ, ಬೇರ್ಪಡಕಗಳು. ಅವೂ ಒಂದೊಂದು 3 ಬೈಟ್ ತಿನ್ನುತ್ತವೆ.

ದಾರಿ ಏನು? ಹೆಸರುಗಳು ಒಳಗೆ ಬರುವ ಬಾಗಿಲಲ್ಲೇ ಎಲ್ಲವನ್ನೂ ಎನ್‌ಎಫ್‌ಸಿ ಎಂಬ, ಬಿಡಿಸಿದ ಚಿಹ್ನೆಗಳನ್ನು ಕೂಡಿಸಿ ಬರೆಯುವ, ಒಂದೇ ರೂಪಕ್ಕೆ ತನ್ನಿ. ಐಸಿಯು ಎಂಬ ಯೂನಿಕೋಡ್ ಲೈಬ್ರರಿಯಲ್ಲಿ ಅದಕ್ಕೆ ಫಂಕ್ಷನ್ ಇದೆ. ಆಮೇಲೆ ಸಮವೋ ಎಂದು ನೋಡಲು ಮೆಮ್‌ಕಂಪ್ ಧಾರಾಳವಾಗಿ ಬಳಸಿ. ಜನರಿಗೆ ತೋರಿಸುವ ಪಟ್ಟಿಯ ಕ್ರಮಕ್ಕೆ ಮಾತ್ರ ಭಾಷೆಯ ಕ್ರಮದಲ್ಲಿ ಹೋಲಿಸುವ ಐಸಿಯುವಿನ ಕನ್ನಡ ಕೊಲೇಟರ್ ಬಳಸಿ. ಪ್ರೋಗ್ರಾಮಿನ ಒಳಗಷ್ಟೇ ಬೇಕಾದ ಕ್ರಮ, ಅಂದರೆ ಬೈನರಿ ಸರ್ಚಿಗೆ, ಇಂಡೆಕ್ಸಿಗೆ, ಬೈಟ್ ಕ್ರಮವೇ ಸಾಕು. ಬೇಗವೂ ಆಗುತ್ತದೆ. ಎರಡನ್ನೂ ಒಂದೇ ಫಂಕ್ಷನ್ನಿನಲ್ಲಿ ಮಾಡಲು ಹೋಗಬೇಡಿ.

## ಹಂತ 8: ಗುಟ್ಟಿನ ಬೈಟುಗಳು

ಟೋಕನ್, ಸಹಿ, ಹ್ಯಾಶ್ ಹೋಲಿಸುವಾಗ ಮೆಮ್‌ಕಂಪ್ ಬೇಡ. ಮೊದಲ ಬೈಟಿನಲ್ಲೇ ತಪ್ಪಿದ್ದರೆ ಅದು ಬೇಗ ಉತ್ತರ ಕೊಡುತ್ತದೆ, ಕೊನೆಯಲ್ಲಿ ತಪ್ಪಿದ್ದರೆ ತಡವಾಗಿ. ಆ ಸಮಯವನ್ನು ಅಳೆಯಬಲ್ಲವನಿಗೆ ಎಷ್ಟು ಬೈಟ್ ಸರಿ ಎಂಬ ಸುಳಿವು ಸಿಗುತ್ತದೆ. 16 ಬೈಟಿನ ಗುಟ್ಟನ್ನು ಊಹಿಸಲು 2ರ 128ನೇ ಘಾತದಷ್ಟು ಪ್ರಯತ್ನ ಬೇಕು. ಒಂದೊಂದು ಬೈಟಿನ ಸುಳಿವು ಬೇರೆ ಬೇರೆಯಾಗಿ ಸಿಕ್ಕರೆ 16 ಗುಣಿಲೆ 256, ಅಂದರೆ ಹೆಚ್ಚೆಂದರೆ 4,096 ಊಹೆ. ಗದ್ದಲದ ನಡುವೆ ಸಮಯ ಅಳೆಯಲು ಪ್ರತಿ ಊಹೆಯನ್ನೂ ಹಲವು ಸಲ ಕಳಿಸಬೇಕಾದೀತು. ಆದರೂ ಅದು ಆಗುವ ಕೆಲಸ.

```
ಅನ್‌ಸೈನ್ಡ್ ಚಾರ್ ವ್ಯತ್ಯಾಸ = 0;
ಫಾರ್ (ಸೈಜ್_ಟಿ ನ = 0; ನ < ಉದ್ದ; ನ++)
    ವ್ಯತ್ಯಾಸ |= ಪ[ನ] ^ ಕ[ನ];
ರಿಟರ್ನ್ ವ್ಯತ್ಯಾಸ == 0;
```

ಇಲ್ಲಿ ನಡುವೆ ನಿಲ್ಲುವ ಮಾತೇ ಇಲ್ಲ. ಎಲ್ಲ ಬೈಟುಗಳ ವ್ಯತ್ಯಾಸವನ್ನೂ ಒಂದರಲ್ಲೇ ಕೂಡಿಹಾಕುತ್ತದೆ. ಆದರೆ ಜಾಣ ಕಂಪೈಲರ್ ಇದನ್ನೂ ತನಗೆ ಬೇಕಾದ ಹಾಗೆ ತಿದ್ದಬಹುದು. ಅದಕ್ಕೇ ನಿಜವಾದ ಕೆಲಸಕ್ಕೆ ಓಪನ್‌ಎಸ್‌ಎಸ್‌ಎಲ್‌ನ ಕ್ರಿಪ್ಟೋ_ಮೆಮ್‌ಕಂಪ್ ಅಥವಾ ಲಿಬ್‌ಸೋಡಿಯಂನ ಸೋಡಿಯಂ_ಮೆಮ್‌ಕಂಪ್ ಬಳಸಿ. ಎರಡೂ ಸಮವಾದರೆ ಸೊನ್ನೆ ಕೊಡುತ್ತವೆ. ಮೇಲಿನ ನಮ್ಮ ತುಣುಕು ಸಮವಾದರೆ 1 ಕೊಡುತ್ತದೆ. ಬದಲಿಸುವಾಗ ಇದನ್ನು ಮರೆತರೆ ತಪ್ಪು ಟೋಕನ್ನಿಗೆಲ್ಲ ಸ್ವಾಗತ.

## ಹಂತ 9: ವೇಗ, ಮತ್ತು ಎಲ್ಲಿ ಬೇರೆಯಾಯಿತು ಎಂಬ ಪ್ರಶ್ನೆ

ಮೆಮ್‌ಕಂಪಿಗಿಂತ ಬೇಗ ಓಡುವುದನ್ನು ಬರೆಯುತ್ತೇನೆ ಎಂದು ಹೊರಡಬೇಡಿ. ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿ ನಿಮ್ಮ ಪ್ರೊಸೆಸರ್ ನೋಡಿ ಅದಕ್ಕೆ ಹೊಂದುವ ರೂಪವನ್ನು ಓಡುವಾಗಲೇ ಆರಿಸುತ್ತದೆ. ಉದ್ದ ಚಿಕ್ಕದಾಗಿ ಸ್ಥಿರವಾಗಿದ್ದರೆ ಕಂಪೈಲರ್ ಫಂಕ್ಷನ್ ಕರೆಯನ್ನೇ ತೆಗೆದು ಒಂದೆರಡು ಇನ್‌ಸ್ಟ್ರಕ್ಷನ್ ಹಾಕಬಹುದು.

ಆದರೆ ಯಾವ ಬೈಟಿನಲ್ಲಿ ಬೇರೆಯಾಯಿತು ಎಂದು ಮೆಮ್‌ಕಂಪ್ ಹೇಳುವುದಿಲ್ಲ. ಅದು ಬೇಕಿದ್ದರೆ ಹಂತ 2ರ ಲೂಪಿನಲ್ಲಿ -1, 1ರ ಬದಲು 'ನ'ವನ್ನೇ ವಾಪಸ್ ಕೊಡಿ, ಎಲ್ಲ ಸಮವಾದರೆ 'ಉದ್ದ'ವನ್ನು ಕೊಡಿ. ದೊಡ್ಡ ಕಡತವಾದರೆ 8 ಬೈಟ್ ಒಂದೇ ಸಲ ನೋಡಬಹುದು. ಪಾಯಿಂಟರನ್ನು ಸುಮ್ನೆ ಯುಇಂಟ್64ಕ್ಕೆ ಕಾಸ್ಟ್ ಮಾಡಬೇಡಿ, ಅಲೈನ್‌ಮೆಂಟ್ ಮತ್ತು ಅಲಿಯಾಸಿಂಗ್ ನಿಯಮ ಎರಡೂ ಮುರಿಯುತ್ತವೆ. ಮೆಮ್‌ಕಾಪಿಯಿಂದ 8 ಬೈಟನ್ನು ಒಂದು ವೇರಿಯಬಲ್ಲಿಗೆ ತನ್ನಿ. ಕಂಪೈಲರ್ ಅದನ್ನು ಒಂದೇ ಲೋಡ್ ಮಾಡುತ್ತದೆ. ಎರಡನ್ನೂ ಎಕ್ಸಾರ್ ಮಾಡಿ, ಬೇರೆ ಇರುವ ಬಿಟ್ಟುಗಳು ಮಾತ್ರ 1 ಆಗುತ್ತವೆ. ಫಲ ಸೊನ್ನೆಯಲ್ಲದಿದ್ದರೆ ಅದರ ಕೆಳಗಿನ ಸೊನ್ನೆ ಬಿಟ್ಟುಗಳನ್ನು ಎಣಿಸಿ 8ರಿಂದ ಭಾಗಿಸಿ. ಲಿಟ್ಲ್ ಎಂಡಿಯನ್ ಯಂತ್ರದಲ್ಲಿ ಅದೇ ಬೇರೆಯಾದ ಬೈಟಿನ ಸ್ಥಾನ. ಹುಬ್ಬಳ್ಳಿ, ಹುಲಕೋಟಿಗೆ ಮೊದಲ 8ರ ಎಕ್ಸಾರ್ ಸೊನ್ನೆ. ಮುಂದಿನ 8ರಲ್ಲಿ ಮೊದಲ ಬೈಟೇ ಬೇರೆ, ಸ್ಥಾನ 8 ಎಂದು ಬರಬೇಕು, ಸೊನ್ನೆಯಿಂದ ಎಣಿಸಿದರೆ.

## ಹಂತ 10: ಪರೀಕ್ಷೆ

ಅಡ್ರೆಸ್ ಸ್ಯಾನಿಟೈಜರ್ ಹಾಕಿ ಕಂಪೈಲ್ ಮಾಡಿ. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಇದೆ. ಹೆಸರುಗಳನ್ನು ಮ್ಯಾಲಕಿನಿಂದ ಸರಿಯಾಗಿ ಅಷ್ಟೇ ಬೈಟ್ ತೆಗೆದುಕೊಂಡ ಜಾಗದಲ್ಲಿ ಇಡಿ, ಹೆಚ್ಚು ಬೇಡ. ಆಗ ಒಂದು ಬೈಟ್ ಆಚೆ ಓದಿದರೂ ಅದು ಕೂಗುತ್ತದೆ. ವ್ಯತ್ಯಾಸ ಮೊದಲ ಬೈಟಿನಲ್ಲೇ ಇದ್ದರೂ ನೀವು ಹೇಳಿದ ಉದ್ದದಷ್ಟನ್ನೂ ಅದು ಪರೀಕ್ಷಿಸುತ್ತದೆ. ಪ್ಯಾಡಿಂಗ್ ಕಸಕ್ಕೆ ವ್ಯಾಲ್‌ಗ್ರೈಂಡ್ ಒಳ್ಳೆಯದು. ಬೆಲೆ ಹಾಕದ ಬೈಟಿನ ಮೇಲೆ ತೀರ್ಮಾನ ನಿಂತಿದ್ದರೆ ತಿಳಿಸುತ್ತದೆ.

ಈ ಜೋಡಿಗಳನ್ನು ಹಂತ 4ರ ಫಂಕ್ಷನ್ನಿಗೆ ಕೊಡಿ. ಹುಬ್ಬಳ್ಳಿ ಮತ್ತು ಹುಲಕೋಟಿ: ಋಣ. ಗದಗ ಮತ್ತು ಗದಗ-ಬೆಟಗೇರಿ: ಋಣ. ಕನ್ನಡದ ಗದಗ ಮತ್ತು ಇಂಗ್ಲಿಷಿನ ಗದಗ: ಧನ. ಅಳ್ನಾವರ ಮತ್ತು ಅಸುಂಡಿ: ಋಣ, ನಿಘಂಟಿಗೆ ಉಲ್ಟಾ. ಎರಡು ರೀತಿಯ ಹಾವೇರಿ: ಎನ್‌ಎಫ್‌ಸಿ ಮಾಡುವ ಮೊದಲು ಬೇರೆ, ಮಾಡಿದ ಮೇಲೆ ಸೊನ್ನೆ. ಖಾಲಿ ಹೆಸರು ಮತ್ತು ಖಾಲಿ ಹೆಸರು: ಸೊನ್ನೆ. ಆಪ್ಟಿಮೈಜೇಷನ್ ಇಲ್ಲದೆ ಒಂದು ಸಲ, ಓ-2 ಹಾಕಿ ಒಂದು ಸಲ ಓಡಿಸಿ. ಸಾಧ್ಯವಾದರೆ ಮೊಬೈಲಿನಲ್ಲೂ ಒಂದು ಸಲ. ಫಲದ ಅಂಕಿ -6 ಇದ್ದದ್ದು -1 ಆದರೆ ಗಾಬರಿ ಬೇಡ. ಚಿಹ್ನೆ ಬದಲಾದರೆ ಕೋಡಿನಲ್ಲಿ ಎಲ್ಲೋ ಬರೀ 'ಚಾರ್' ಉಳಿದಿದೆಯಾ ಎಂದು ಮೊದಲು ಹುಡುಕಿ.